ಕಡೇ ಬಸ್ಸಿನಿಂದ ಹಿಂದಕ್ಕೆ

ಮೋರಟಗಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಡಿಸೆಂಬರಿನ ಚಳಿ ಮೊದಲು ಕಿವಿ ಹಿಡಿಯುತ್ತದೆ. ರಸ್ತೆ ಬದಿಯ ಚಹಾದಂಗಡಿಯವನು ಆಗಷ್ಟೇ ಒಲೆ ಹಚ್ಚಿದ್ದಾನೆ. ಜೇವರ್ಗಿ ಕಡೆಯಿಂದ ಬರುವ ಲಾರಿಗಳ ದೀಪ ದೂರದಲ್ಲಿ ಹುಟ್ಟಿ, ದೊಡ್ಡದಾಗಿ, ನಮ್ಮ ಮುಖದ ಮೇಲೆ ಹಾದು ಸಿಂದಗಿ ಕಡೆಗೆ ಹೋಗುತ್ತದೆ. ದೊಡ್ಡವ್ವ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಎಳೆದುಕೊಂಡು, ಬುತ್ತಿಗಂಟನ್ನು ಉಡಿಯಲ್ಲಿಟ್ಟು ಕಟ್ಟೆಯ ಮೇಲೆ ಕೂತಿದ್ದಾಳೆ. ಚಿಗವ್ವ ಕೂರಲೊಲ್ಲಳು. ಎದ್ದು ಹತ್ತುವಷ್ಟು ಹೊತ್ತು ಬಸ್ಸು ನಿಲ್ಲುತ್ತದೋ ಇಲ್ಲವೋ ಎಂಬುದು ಅವಳ ಚಿಂತೆ. ಅವಳ ಮೊಮ್ಮಗ, ಎಂಟನೇ ಇಯತ್ತೆಯ ಹುಡುಗ, ಪ್ರತಿ ದೀಪಕ್ಕೂ "ಬಂತು, ಬಂತು" ಎನ್ನುತ್ತಾನೆ.

ನಾವು ಹೊರಟಿರುವುದು ವಿಜಯಪುರಕ್ಕೆ, ಗೋಳಗುಮ್ಮಟ ನೋಡಲು. ದೊಡ್ಡವ್ವ ಆ ಊರು ಕಾಣದವಳೇನಲ್ಲ. ದವಾಖಾನೆಗೆ ಹೋಗಿದ್ದಾಳೆ, ಹೊಲದ ಕೇಸಿನ ತಾರೀಖಿಗೆ ಹೋಗಿದ್ದಾಳೆ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದಾಳೆ. ಗುಮ್ಮಟವನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ನೋಡಿದ್ದು. ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರಲ್ಲಿ ಹೀಗೆ ಕಿಟಕಿಯಿಂದ ನೋಡಿದವರೇ ಹೆಚ್ಚು. ಪ್ಯಾಟಿಗೆ ಹೋಗುವುದೆಂದರೆ ಕೆಲಸಕ್ಕೆ. ಕೆಲಸ ಮುಗಿದರೆ ಮನೆಗೆ.

ಈ ದಿನದ ಲೆಕ್ಕ ಹಾಕುವುದನ್ನು ನಾನು ಕಲಿತದ್ದು ಅಕ್ಕನ ಮಗನಿಂದ. ಅವನು ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಹಡಗು ಇಟಲಿಯ ದಂಡೆಗುಂಟ ಓಡಾಡುತ್ತದೆ. ಬಿಡುವು ಸಿಕ್ಕ ದಿನ ನಾಲ್ಕಾರು ತಾಸು ಊರು ನೋಡಿ ಬರುತ್ತಾನೆ, ಬಂದು ಫೋನು ಮಾಡುತ್ತಾನೆ. ರೋಮ್ ನೋಡಬೇಕೆನ್ನುವವರ ಹಡಗು ರೋಮ್‌ಗೆ ಹೋಗುವುದಿಲ್ಲ, ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ರೋಮ್‌ಗೆ ಸುಮಾರು 80 ಕಿಲೋಮೀಟರ್. ಮೋರಟಗಿಯಿಂದ ವಿಜಯಪುರಕ್ಕೂ ಹೆಚ್ಚುಕಡಿಮೆ ಅಷ್ಟೇ ದಾರಿ. ಬೆಳಗ್ಗೆ ಇಳಿಯಬೇಕು, ಸಂಜೆ ಹತ್ತಬೇಕು. ಹಡಗಿನ ಕಂಪನಿಯೇ ಮಾಡುವ ಬಸ್ಸಿನಲ್ಲಿ ಹೋದರೆ ದುಡ್ಡು ಜಾಸ್ತಿ, ಆದರೆ ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಮ್ಮ ಪಾಡಿಗೆ ನಾವು ರೈಲು ಹಿಡಿದು ಹೋದರೆ ಖರ್ಚು ಬಹಳ ಕಡಿಮೆ, ಆದರೆ ಯಾರೂ ಕಾಯುವುದಿಲ್ಲ.

ಅದಕ್ಕೇ ಅಲ್ಲಿ ತಿಳಿದವರು ದಿನವನ್ನು ಸಂಜೆಯಿಂದ ಹಿಂದಕ್ಕೆ ಎಣಿಸುತ್ತಾರಂತೆ. ಹಡಗು ಏಳಕ್ಕೆ ಬಿಡುವುದಾದರೆ ಆರಕ್ಕೆಲ್ಲ ಒಳಗಿರಬೇಕು. ಸ್ಟೇಷನ್ನಿನಿಂದ ಬಂದರಿಗೆ ಅರ್ಧ ತಾಸು, ರೈಲಿಗೆ ಒಂದು ತಾಸು. ಅಂದರೆ ನಾಲ್ಕೂವರೆಯ ರೈಲು ಕಡೆಯದು. ಕಡೆಯದನ್ನು ನಂಬುವಂತಿಲ್ಲವಾದ್ದರಿಂದ ಮೂರೂವರೆಯದನ್ನೇ ಹಿಡಿಯಬೇಕು. ಒಂದು ರೈಲು ಯಾವಾಗಲೂ ಕೈಯಲ್ಲಿ ಉಳಿದಿರಬೇಕು. ಕಾಗದದ ಟಿಕೆಟ್ ಕೊಂಡರೆ ಸಾಲದು, ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಮಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು, ಮರೆತರೆ ದಂಡ. 'ಶೊಪೆರೊ', ಅಂದರೆ ರೈಲಿನವರ ಮುಷ್ಕರ, ಇದೆಯೋ ಎಂದು ಹಿಂದಿನ ದಿನವೇ ವಿಚಾರಿಸಬೇಕು. ಅಲ್ಲಿ ಅದನ್ನು ಮೊದಲೇ ಸಾರಿರುತ್ತಾರೆ.

ನಾನೂ ಹಾಗೇ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಕೆಳಗಿನಿಂದ ಮೇಲಕ್ಕೆ ಬರೆದಿದ್ದೇನೆ. ಕತ್ತಲಾಗುವ ಹೊತ್ತಿಗೆ ಮೋರಟಗಿ. ಅದಕ್ಕೆ ವಿಜಯಪುರದ ಸ್ಟ್ಯಾಂಡಿನಲ್ಲಿ ನಾಲ್ಕು ಗಂಟೆ. ಅದರ ಮೇಲಿನ ಸಾಲುಗಳಲ್ಲಿ ಉಳಿದದ್ದು. ನಮ್ಮಲ್ಲಿ ಶೊಪೆರೊ ಬದಲು ಅಮಾಸಿ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಭೀಮೆಯ ದಂಡೆಯ ಗಾಣಗಾಪುರ, ಘತ್ತರಗಿ ಕಡೆ ಜನ ಹರಿಯುತ್ತಾರೆ, ಬಸ್ಸುಗಳು ಆ ಕಡೆ ತಿರುಗುತ್ತವೆ, ಉಳಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಗುಮ್ಮಟದ ಮುಂದಿನ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ. ಹುಡುಗನಿಗೆ ಶಾಲೆ ಇರಬಾರದು. ಹೀಗೆ ಜರಡಿ ಹಿಡಿದ ಮೇಲೆ ಉಳಿದದ್ದು ಈ ಭಾನುವಾರ.

ಬಸ್ಸು ಬಂತು. ಚಿಗವ್ವ ಮೊದಲು ಹತ್ತಿದಳು.

"ಎಲ್ಲಿಗ್ರಿ ಯವ್ವಾ?"

"ವಿಜಾಪುರಕ್ಕಪ್ಪ. ಗೋಳಗುಮ್ಮಟ ನೋಡಾಕ."

ಊರಿನ ಹೆಸರು ವಿಜಯಪುರವಾದದ್ದು 2014ರ ನವೆಂಬರ್ 1ಕ್ಕೆ. ಬಸ್ಸಿನೊಳಗೆ ಅದು ಇವತ್ತಿಗೂ ವಿಜಾಪುರ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಮೂರು ಶೂನ್ಯ ಟಿಕೆಟ್ ಹರಿದುಕೊಟ್ಟ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಸಾದಾ ಬಸ್ಸಿಗೂ ಎಕ್ಸ್‌ಪ್ರೆಸ್ಸಿಗೂ ಅದು ಸಲ್ಲುತ್ತದೆ, ರಾಜಹಂಸ, ಸ್ಲೀಪರಿಗೆ ಸಲ್ಲುವುದಿಲ್ಲ. ಟಿಕೆಟ್ಟಿನ ಮೇಲೆ ಸೊನ್ನೆ ಇದ್ದರೂ ಇಳಿಯುವ ತನಕ ಜೋಪಾನ ಮಾಡಬೇಕು; ಚೆಕಿಂಗ್‌ನವರು ಹತ್ತಿದರೆ ತೋರಿಸಬೇಕು. ಹುಡುಗನಿಗೆ ಮಾತ್ರ ಪೂರಾ ಟಿಕೆಟ್. ನಮ್ಮ ನಾಲ್ವರಲ್ಲಿ ದುಡ್ಡು ಕೊಟ್ಟು ಕೂತವನು ತಾನೊಬ್ಬನೇ ಎಂದು ಅವನು ಕಿಟಕಿಯ ಸೀಟು ತನ್ನದೆಂದ. ಕೊಟ್ಟೆವು.

ಈ ಯೋಜನೆಯ ಲಾಭ-ನಷ್ಟದ ಚರ್ಚೆ ಬಹಳ ಕೇಳಿದ್ದೇನೆ. ನನಗೆ ಕಾಣುವುದು ದೊಡ್ಡವ್ವನ ಇವತ್ತಿನ ದಿನ. ದವಾಖಾನೆಯ ಖರ್ಚಿಗೆ ಯಾರೂ ಬೇಡ ಎನ್ನುವುದಿಲ್ಲ. ಗುಮ್ಮಟ ನೋಡಲು ಮೂವರು ಹೆಂಗಸರು ಹೋಗಿಬರುವ ಖರ್ಚನ್ನು ಮನೆಯಲ್ಲಿ ಕೇಳುವ ಬಾಯಿ ಅವಳಿಗೆ ಯಾವತ್ತೂ ಇರಲಿಲ್ಲ. ಈಗ ಕೇಳುವುದೇ ಬೇಕಿಲ್ಲ.

ಸಿಂದಗಿ ಸ್ಟ್ಯಾಂಡಿನಲ್ಲಿ ಅರ್ಧ ಬಸ್ಸು ಇಳಿದು ಒಂದೂವರೆ ಬಸ್ಸು ಹತ್ತಿತು. ಅಲ್ಲಿಂದ ಆಚೆ ಬೆಳಕು ಬಿಡುತ್ತದೆ. ಎರಡೂ ಕಡೆ ಕರಿ ಎರೆಭೂಮಿ, ಎದೆಮಟ್ಟ ಬಿಳಿಜೋಳ, ಕಾಯಿ ಬಲಿತು ಬಣ್ಣ ತಿರುಗಿದ ತೊಗರಿ, ಅಲ್ಲಲ್ಲಿ ಬಿಡಿಸಲು ಉಳಿದ ಹತ್ತಿ. ದೊಡ್ಡವ್ವ ಹೊಲ ನೋಡುತ್ತಾಳೆ: "ಇವರ ತೊಗರಿ ನಮಗಿಂತ ಚೊಲೋ ಬಂದೈತಿ." ದೇವರಹಿಪ್ಪರಗಿ ದಾಟಿತು. ವಿಜಯಪುರ ಇನ್ನೂ ದೂರವಿರುವಾಗಲೇ ಹುಡುಗ ಎದ್ದು ನಿಂತ. ಬಯಲ ತುದಿಯಲ್ಲಿ, ಮನೆ ಮರಗಳೆಲ್ಲದರ ಮೇಲೆ, ಮಂಜಿನ ಬಣ್ಣದ ಒಂದೇ ಒಂದು ಗುಂಡು ಬೆನ್ನು. ಊರು ಪಶ್ಚಿಮಕ್ಕೆ ಹರಡಿದೆ, ಗುಮ್ಮಟ ಪೂರ್ವದ ಅಂಚಿನಲ್ಲಿದೆ. ಸಿಂದಗಿಯಿಂದ ಬರುವವರಿಗೆ ಊರಿಗಿಂತ ಮೊದಲು ಅದೇ ಎದುರಾಗುತ್ತದೆ.

ಇಳಿದ ತಕ್ಷಣ ಗುಮ್ಮಟದ ಕಡೆ ಓಡಬಾರದು. ಮೊದಲು ಹಿಂದಿರುಗುವ ದಾರಿ ಗಟ್ಟಿ ಮಾಡಿಕೊಳ್ಳಬೇಕು. ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕುಂತ ಕಿಟಕಿಗೆ ಹೋಗಿ ನಿಂತೆ.

"ಕಲಬುರ್ಗಿ ಗಾಡಿ ಎಲ್ಲಾ ಮೋರಟಗಿ ಹಾದೇ ಹೋಗ್ತಾವ್ರಿ ಅಕ್ಕಾರ. ಆದ್ರ ಎಲ್ಲಾ ನಿಂದ್ರೂದಿಲ್ಲ. ಹತ್ತೂಕಿಂತ ಮೊದಲ ಕಂಡಕ್ಟರ್‌ಗೆ ಕೇಳ್ರಿ."

ನಮ್ಮೂರಿನವರು ಸಿಕ್ಕಿಬೀಳುವುದು ಇಲ್ಲೇ. ಬೋರ್ಡು ನೋಡಿ ಹತ್ತುತ್ತಾರೆ, ಬಸ್ಸು ಊರ ಮುಂದಿನಿಂದಲೇ ಹೋಗುತ್ತದೆ, ನಿಲ್ಲದೆ ಹೋಗುತ್ತದೆ. ನಿಲ್ಲುವ ಬಸ್ಸುಗಳ ಹೊತ್ತನ್ನು ಹಾಳೆಯ ಮೇಲೆ ಬರೆದುಕೊಂಡೆ. ನಾಲ್ಕರ ಆಚೆ ಎರಡು ಉಳಿದವು. ಎರಡು ಬಸ್ಸು ಕೈಯಲ್ಲಿದ್ದರೆ ಮನಸ್ಸು ಹಗುರ. ಮುಂದಿನ ಏಳು ತಾಸನ್ನು ಗಡಿಯಾರ ನೋಡದೆ ಕಳೆಯಬಹುದು.

ಸಿಟಿ ಬಸ್ಸು ಹಿಡಿದು ಗುಮ್ಮಟ ಸೇರಿದಾಗ ಒಂಬತ್ತು ಆಗಿರಲಿಲ್ಲ. ಗೇಟು ಬೆಳಗ್ಗೆ ಆರಕ್ಕೇ ತೆರೆಯುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು: ನಮಗೆ ತಲೆಗೆ 25 ರೂಪಾಯಿ, ಹದಿನೈದು ತುಂಬದ ಹುಡುಗನಿಗೆ ಪುಕ್ಕಟೆ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಹತ್ತು ದಾಟಿತೆಂದರೆ ಒಂದರ ಹಿಂದೊಂದು ಬಸ್ಸು ಬಂದು ಮಕ್ಕಳನ್ನು ಸುರಿಯುತ್ತವೆ. ಆಮೇಲೆ ಗುಮ್ಮಟದ ಒಳಗೆ ಕೇಳಿಸುವುದು ಮಕ್ಕಳ ಕೂಗು ಮಾತ್ರ. ಅದಕ್ಕಾಗಿಯೇ ಕತ್ತಲಲ್ಲಿ ಎದ್ದು ಬಂದದ್ದು.

ಒಳಗೆ ಕಾಲಿಟ್ಟರೆ ಮೊದಲು ತಂಪು. ಆಮೇಲೆ, ಕಣ್ಣು ಹೊಂದಿಕೊಂಡಂತೆ, ಖಾಲಿ. ನಡುವೆ ಎತ್ತರದ ಕಟ್ಟೆ, ಅದರ ಮೇಲೆ ಗೋರಿಗಳ ಗುರುತು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನದು, ಅವನ ಬೇಗಂಗಳದು, ರಂಭಾ ಎಂಬ ನರ್ತಕಿಯದು, ಮಗಳದು, ಮೊಮ್ಮಗನದು. ನಿಜವಾದ ಗೋರಿಗಳು ಇದರ ಕೆಳಗಿನ ನೆಲಮನೆಯಲ್ಲಿವೆ. ಕಟ್ಟೆಯ ಸುತ್ತ ನಾಲ್ಕೂ ಕಡೆ ಬರೀ ನೆಲ; 18,000 ಚದರಡಿಗಿಂತ ಹೆಚ್ಚು. ಅಡಿಯಲ್ಲಿ ಹೇಳಿದರೆ ದೊಡ್ಡವ್ವನಿಗೆ ಮುಟ್ಟುವುದಿಲ್ಲ. ಸುಮಾರು 17 ಗುಂಟೆ ಎಂದೆ. ಅವಳು ಈ ಗೋಡೆಯಿಂದ ಆ ಗೋಡೆಗೆ ಕಣ್ಣಲ್ಲೇ ಅಳೆದಳು.

"ಹದಿನೇಳು ಗುಂಟೆದಾಗ ಒಂದೂ ಕಂಬ ಇಲ್ಲ?"

ಒಂದೂ ಇಲ್ಲ. ಅದನ್ನು ಹೇಗೆ ನಿಲ್ಲಿಸಿದರೆಂಬುದು ತಲೆ ಎತ್ತಿದರೆ ಕಾಣುತ್ತದೆ. ಗೋಡೆಗಳ ಚೌಕದೊಳಗೆ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟಂತೆ ಮೇಲೆ ಎಂಟು ಮೂಲೆಯ ನಕ್ಷತ್ರ ಮೂಡುತ್ತದೆ, ಚೌಕ ಹಾಗೆ ನಿಧಾನ ವೃತ್ತಕ್ಕೆ ಒಲಿಯುತ್ತದೆ. ಗುಮ್ಮಟದ ಭಾರ ಹೊರಕ್ಕೆ ತಳ್ಳಿದರೆ ಒಳಕ್ಕೆ ಚಾಚಿದ ಈ ಕಮಾನುಗಳ ಭಾರ ಅದನ್ನು ಸರಿದೂಗಿಸುತ್ತದೆ. ದಾಬುಳದ ಯಾಕೂತ್ ಎಂಬವನು ಇದರ ಶಿಲ್ಪಿ ಎನ್ನುತ್ತಾರೆ. ಗುಮ್ಮಟದ ಹೊರ ಅಡ್ಡಳತೆ 44 ಮೀಟರ್, ಒಳಗೆ ಸುಮಾರು 38. ರೋಮ್‌ನ ಸಂತ ಪೀಟರರ ಇಗರ್ಜಿಯ ಗುಮ್ಮಟ ಒಳಗೆ ಸುಮಾರು 42 ಮೀಟರ್, ಅದಕ್ಕಿಂತ ಬಹಳ ಹಳೆಯ ಪ್ಯಾಂಥಿಯನ್ 43. ಅಂದರೆ ಜಗತ್ತಿನ ಹೆಸರಾಂತ ಗುಮ್ಮಟಗಳ ಸಾಲಿನಲ್ಲೇ ಕೂರುವಂಥದ್ದು ನಮ್ಮ ಎಂಬತ್ತು ಕಿಲೋಮೀಟರಿನೊಳಗಿದೆ.

ಅಕ್ಕನ ಮಗ ಚಿವಿತಾವೆಕ್ಕಿಯಾದಿಂದ ರೈಲು ಹಿಡಿದು ಹೋದದ್ದು ಆ ಪೀಟರರ ಇಗರ್ಜಿಗೇ. ರೋಮ್‌ನ ದೊಡ್ಡ ಸ್ಟೇಷನ್ನಿನ ತನಕ ಹೋಗಬೇಕಿಲ್ಲ, ಅದಕ್ಕಿಂತ ಮೊದಲೇ ಸಾನ್ ಪಿಯೆತ್ರೊ ಎಂಬಲ್ಲಿ ಇಳಿದರೆ ನಡೆದೇ ಮುಟ್ಟಬಹುದು. ಒಳಗೆ ಹೋಗಲು ದುಡ್ಡಿಲ್ಲ, ತಪಾಸಣೆಯ ಸಾಲು ಮಾತ್ರ ಮೈದಾನದುದ್ದ. ಗುಮ್ಮಟ ಹತ್ತಲು ಬೇರೆ ಟಿಕೆಟ್, 551 ಮೆಟ್ಟಿಲು. ಅವನ ಹೊತ್ತೆಲ್ಲ ಸಾಲಿನಲ್ಲೇ ಹೋಯಿತು, ಹತ್ತದೆ ಬಂದ.

ಇಲ್ಲಿ ನಮ್ಮ ಮುಂದೆ ಸಾಲಿಲ್ಲ. ಮೂಲೆಯ ಮಿನಾರಿನೊಳಗೆ ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು. ಮೆಟ್ಟಿಲಿನ ಎತ್ತರ ನೋಡಿದ್ದೇ ದೊಡ್ಡವ್ವ, "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ" ಎಂದು ಬುತ್ತಿಯೊಂದಿಗೆ ಗೋಡೆಗೆ ಒರಗಿದಳು. ಚಿಗವ್ವ ಸೀರೆಯ ನಿರಿಗೆ ಮೇಲೆ ಸಿಗಿಸಿ ಹೊರಟಳು. ಪ್ರತಿ ಅಂತಸ್ತಿನ ಕಿಂಡಿಯಲ್ಲೂ ನಿಂತು ಉಸಿರು ತೆಗೆದುಕೊಂಡಳು. ಹುಡುಗ ಮೇಲೆ ಹೋಗಿ ಕೆಳಗೆ ಬಂದು ಮತ್ತೆ ಮೇಲೆ ಹೋದ. ಕೊನೆಗೆ ಬಿಸಿಲಿಗೆ, ಮಾಳಿಗೆಗೆ ಬಂದೆವು. ಪಶ್ಚಿಮಕ್ಕೆ ಇಡೀ ಊರು, ಪೂರ್ವಕ್ಕೆ ನಾವು ಬಂದ ಬಯಲು.

ಗುಮ್ಮಟದ ಬುಡದ ಸಣ್ಣ ಬಾಗಿಲಲ್ಲಿ ತಲೆಬಾಗಿ ನುಗ್ಗಿದರೆ ಪಿಸುಮಾತಿನ ಗ್ಯಾಲರಿ. ಒಳಗೋಡೆಗುಂಟ ಸುತ್ತುವ ಅಗಲವಾದ ಅಂಚು, ಕಟ್ಟೆಯಾಚೆ ಕೆಳಗೆ ಆಳದಲ್ಲಿ ನೆಲ. ಚಿಗವ್ವನನ್ನು ಬಾಗಿಲ ಹತ್ತಿರವೇ ಗೋಡೆಗೆ ಮುಖ ಮಾಡಿ ಕೂರಿಸಿ ನಾನು ಸುತ್ತಿಕೊಂಡು ಎದುರು ಬದಿಗೆ ಹೋದೆ. ಅವಳು ಅಷ್ಟು ದೂರದಲ್ಲಿ ಹಸಿರು ಸೀರೆಯ ಒಂದು ಚುಕ್ಕೆ. ಬಾಯಿ ಆಡಿಸುವುದೂ ಕಾಣುವುದಿಲ್ಲ. ಗೋಡೆಗೆ ಕಿವಿ ಹಚ್ಚಿದೆ. ಮೊದಲು ಬಳೆ ಸದ್ದು. ಆಮೇಲೆ, ಪಕ್ಕದಲ್ಲೇ ಕೂತು ಹೇಳುವಷ್ಟು ಸ್ಪಷ್ಟ:

"ಬುತ್ತಿಗಂಟು ಅಕ್ಕನ ಕಡೆನೇ ಐತಿಲ್ಲ?"

"ಐತಿ" ಎಂದೆ, ಉಸಿರಿನಷ್ಟೇ ಮೆಲ್ಲಗೆ. ಎದುರಿನ ಹಸಿರು ಚುಕ್ಕೆ ಬೆಚ್ಚಿ ಹಿಂದೆ ತಿರುಗಿ ನೋಡಿತು. ಗೋಡೆಯ ವಕ್ರ ಮಾತನ್ನು ಚೆದುರಲು ಬಿಡದೆ ತನ್ನ ಗುಂಟವೇ ಸಾಗಿಸಿ ತಂದು ಎದುರಿನ ಕಿವಿಗೆ ಇಳಿಸುತ್ತದೆ. ಹುಡುಗ ಒಂದು ಚಪ್ಪಾಳೆ ತಟ್ಟಿದ. ಅದು ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಇಷ್ಟಿಷ್ಟೇ ಸಣ್ಣದಾಗಿ. ಏಳು ಎಂದು ಎಲ್ಲರೂ ಹೇಳುತ್ತಾರೆ. ಅವನು ಹಠ ಹಿಡಿದು ಎಣಿಸಿ ಒಂಬತ್ತು ಎಂದ. ಚಿಗವ್ವ ಎರಡನೇ ಸಲ ಗೋಡೆಗೆ ಬಾಯಿ ಹಚ್ಚಿದಾಗ ಮೊದಲ ಶಾಲೆಯ ಮಕ್ಕಳು ಬಾಗಿಲಿಗೆ ಬಂದಿದ್ದರು. ಅವಳೇನು ಹೇಳಿದಳೋ ನನಗೆ ಮುಟ್ಟಲಿಲ್ಲ, ಕೇಳಿದರೆ ಹೇಳಲೂ ಇಲ್ಲ.

ಕೆಳಗೆ ದೊಡ್ಡವ್ವ ಇದ್ದಲ್ಲೇ ಇದ್ದಳು, ಕತ್ತು ಮೇಲೆತ್ತಿ.

"ಇಷ್ಟು ವರ್ಷ ಬಸ್ಸಿನ್ಯಾಗಿಂದ ನೋಡೀನಿ. ಒಳಗ ಇಷ್ಟು ಖಾಲಿ ಐತಿ ಅಂತ ಗೊತ್ತಿರಲಿಲ್ಲ ನೋಡು."

ಮ್ಯೂಸಿಯಂ ಬೇಗ ಮುಗಿಸಿದೆವು. 1892ರಲ್ಲಿ ಶುರುವಾದದ್ದು, ಗುಮ್ಮಟದ ಮುಂದಿನ ನಗಾರಖಾನೆಯಲ್ಲಿದೆ. ಶಾಸನ ಓದುವ ಪುರುಸೊತ್ತು ಇದ್ದವರಿಗೆ ಅರ್ಧ ದಿನ ಬೇಕು. ಹುಲ್ಲಿನ ಮೇಲೆ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಮೇಲೆ ಹಿಂಡಲು ಇಂಡಿ ಕಡೆಯ ಲಿಂಬಿಹಣ್ಣು. ಇದನ್ನು ಕಂಡರೆ ಅಕ್ಕನ ಮಗ ಕಳಿಸಿದ ಒಂದು ಫೋಟೊ ನೆನಪಾಗುತ್ತದೆ. ನೇಪಲ್ಸಿನಲ್ಲಿ ಹಡಗಿನಿಂದ ಇಳಿದು ಚಿರ್ಕುಮ್ವೆಸುವಿಯಾನಾ ಎಂಬ ಲೋಕಲ್ ರೈಲು ಹಿಡಿದರೆ ಮೊದಲು ಬೂದಿಯಲ್ಲಿ ಹೂತ ಊರು ಪಾಂಪೇ, ಕೊನೆಗೆ ಸೊರೆಂಟೊ. ಸೊರೆಂಟೊದ ಲಿಂಬೆ ಜಗತ್ತಿಗೇ ಹೆಸರುವಾಸಿ, ಬೀದಿಯುದ್ದ ಅದನ್ನೇ ಜೋಡಿಸಿಟ್ಟಿರುತ್ತಾರೆ. ಹಡಗಿನಿಂದ ಇಳಿದವರು ಪಾಂಪೇ, ಸೊರೆಂಟೊ ಎರಡನ್ನೂ ಒಂದೇ ದಿನ ನೋಡಲು ಹೋಗಿ ಎರಡನ್ನೂ ಓಡುತ್ತ ನೋಡಿ ಬರುತ್ತಾರಂತೆ.

ಆ ಆಸೆ ನಮ್ಮನ್ನೂ ಹಿಡಿಯಿತು. ವಿಜಯಪುರದಲ್ಲಿ ನೋಡುವುದಕ್ಕೆ ಕೊನೆಯಿಲ್ಲ. 1565ರ ಸುಮಾರಿಗೆ ಶುರುವಾದ ಜುಮ್ಮಾ ಮಸೀದಿ, ಗಗನ ಮಹಲ್, ಅಸರ್ ಮಹಲ್, ತಾಜ್ ಬಾವಡಿ, ಗುಮ್ಮಟಕ್ಕಿಂತ ದೊಡ್ಡದಾಗಬೇಕೆಂದು ಶುರುಮಾಡಿ ಅರ್ಧಕ್ಕೆ ನಿಂತ ಬಾರಾ ಕಮಾನ್. ಎಲ್ಲವನ್ನೂ ಹತ್ತು ಹತ್ತು ನಿಮಿಷ ನೋಡಬಹುದು. ನನ್ನ ಮಾತು ಇಷ್ಟೇ: ಮೊಣಕಾಲು ನೋಯುವ ಹೆಂಗಸರನ್ನು ಕರಕೊಂಡು ಬಂದವರು ಎರಡೇ ಜಾಗ ಆರಿಸಿಕೊಳ್ಳಬೇಕು, ಎರಡರಲ್ಲೂ ಕೂರಲು ಹೊತ್ತಿರಬೇಕು. ಎರಡನೆಯದು ಇಬ್ರಾಹಿಂ ರೋಜಾ ಎಂದು ಮೊದಲೇ ಬರೆದಿದ್ದೆ. ಹುಡುಗ ತೋಫು ಬೇಕೇ ಬೇಕೆಂದ. ಹಾಳೆ ತೆಗೆದು ನೋಡಿದೆವು. ಮಲಿಕ್-ಎ-ಮೈದಾನ್ ಎಂಬ ಆ ತೋಫು ಇರುವ ಬುರುಜು ಊರಿನ ಪಶ್ಚಿಮದ ಕೋಟೆಗೋಡೆಯ ಮೇಲೆ, ರೋಜಾ ಅದರಾಚೆ. ದಾರಿಯಲ್ಲೇ ಬರುತ್ತದೆ. ಒಪ್ಪಿದೆವು.

ಸಿಟಿ ಬಸ್ಸಿನಲ್ಲಿ ಸ್ಟ್ಯಾಂಡಿನ ತನಕ, ಅಲ್ಲಿಂದ ಆಟೊ. ಒಂದು ಕಾಲಕ್ಕೆ ಈ ಊರಿನ ತಿರುಗಾಟವೆಲ್ಲ ಟಾಂಗಾದಲ್ಲೇ ಆಗುತ್ತಿತ್ತು. ಆಟೊದವರೊಡನೆ ಎರಡೂ ಜಾಗಕ್ಕೆ, ನಿಲ್ಲುವ ಹೊತ್ತೂ ಸೇರಿ, ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು.

ತೋಫು ಹುಡುಗನ ಪಾಲಿಗೆ ಇವತ್ತಿನ ದೇವರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಬಾಯಿಯನ್ನು ಸಿಂಹದ ದವಡೆಯಾಗಿ ಮಾಡಿದ್ದಾರೆ, ಹಲ್ಲಿನ ನಡುವೆ ಆನೆ ಸಿಕ್ಕಿದೆ. ಮಧ್ಯಾಹ್ನದ ಬಿಸಿಲಿನಲ್ಲೂ ಲೋಹ ತಣ್ಣಗಿದೆ ಎಂದು ಹುಡುಗ ಕೆನ್ನೆ ಹಚ್ಚಿ ತೋರಿಸಿದ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಹೋಗಿತ್ತು. ಮಾರಾಟ ರದ್ದಾಗಿ ತೋಫು ಉಳಿಯಿತು.

ಇಬ್ರಾಹಿಂ ರೋಜಾದಲ್ಲಿ ಎಲ್ಲರೂ ತಾವಾಗಿ ದನಿ ತಗ್ಗಿಸಿದರು. ಒಂದೇ ಜಗಲಿಯ ಮೇಲೆ ಎದುರಾಬದುರು ಗೋರಿ ಮತ್ತು ಮಸೀದಿ, ನಡುವೆ ನೀರಿನ ಹೊಂಡ. ಎರಡನೇ ಇಬ್ರಾಹಿಂ ಆದಿಲ್ ಶಾಹ, ಸರಸ್ವತಿಯನ್ನು ನೆನೆದು 'ಕಿತಾಬ್-ಎ-ನವರಸ್' ಬರೆದವನು, ಇದನ್ನು ಹೆಂಡತಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸತೊಡಗಿದ. 1627ರಲ್ಲಿ ತಾನೇ ಮೊದಲು ಬಂದು ಮಲಗಿದ. ಗುಮ್ಮಟದಲ್ಲಿ ಕಣ್ಣು ಅಳತೆಗೆ ಸೋತರೆ ಇಲ್ಲಿ ಹತ್ತಿರ ಹೋಗಿ ಬೆರಳಲ್ಲಿ ತೋರಿಸಬೇಕು. ಕಿಟಕಿಗೆ ಜಾಲರಿಯ ಬದಲು ಅಕ್ಷರಗಳನ್ನೇ ಕಡೆದಿದ್ದಾರೆ, ಅಕ್ಷರದ ಸಂದಿನಿಂದ ಬೆಳಕು ಒಳಬರುತ್ತದೆ. ಗೋರಿಯ ಕೋಣೆಯ ಚಾವಣಿ ಚಪ್ಪಟೆ: ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಕೂಡಿಸಿ ಗಾರೆಯ ಹಿಡಿತದಲ್ಲೇ ನಿಲ್ಲಿಸಿದ್ದಾರೆ, ಕೆಳಗೆ ತೊಲೆಯಿಲ್ಲ. ಚಿಗವ್ವ ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಕೂತಳು. ದೊಡ್ಡವ್ವ ಒಂದೊಂದೇ ಕಿಟಕಿಯ ಮುಂದೆ ನಿಂತು ಸುತ್ತು ಹಾಕಿದಳು, ಗುಡಿಯಲ್ಲಿ ಹಾಕುವಂತೆ, ಬಲದಿಂದ. ಅವಳಿಗೆ ಬೇಕಾದಷ್ಟು ಹೊತ್ತು ಇತ್ತು. ಬಾರಾ ಕಮಾನ್ ಬಿಟ್ಟದ್ದಕ್ಕೆ ನನಗೆ ಸಿಕ್ಕ ಲಾಭ ಇದು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸ್ಟ್ಯಾಂಡು. ಮೊದಲು ಬಂದ ಕಲಬುರಗಿ ಗಾಡಿಗೆ ಜನ ಮುಗಿಬಿದ್ದರು. "ಮೋರಟಗಿ ನಿಂದರ್ತೈತೇನ್ರಿ?" ಕಂಡಕ್ಟರ್ ತಲೆ ಅಲ್ಲಾಡಿಸಿದ, ಇಲ್ಲ. ಬಿಟ್ಟೆವು. ಅವಸರವಿರಲಿಲ್ಲ. ಮಿರ್ಚಿ ಭಜಿ, ಚುರುಮುರಿ ಕಟ್ಟಿಸಿಕೊಂಡೆವು. ಮುಂದಿನ ಗಾಡಿಯಲ್ಲಿ ನಾಲ್ವರಿಗೂ ಸೀಟು ಸಿಕ್ಕಿತು.

ದೇವರಹಿಪ್ಪರಗಿ ದಾಟುವ ಹೊತ್ತಿಗೆ ಹುಡುಗ ನಿದ್ದೆ ಹೋಗಿದ್ದ. ದೊಡ್ಡವ್ವ ಹಾಳೆಯನ್ನು ನನ್ನ ಕೈಯಿಂದ ಇಸಕೊಂಡು ತಿರುವಿ ನೋಡಿದಳು. ಓದಲು ಬಾರದು, ಆದರೆ ಅದರಲ್ಲಿ ಏನಿದೆಯೆಂದು ಗೊತ್ತು.

"ಆಲಮಟ್ಟಿ ದೂರ ಏನ?"

ಸಿಂದಗಿಯಿಂದ ಬಸವನಬಾಗೇವಾಡಿ, ಅಲ್ಲಿ ಬಸವಣ್ಣನ ಊರು ನೋಡಿ ಮುಂದೆ ನಿಡಗುಂದಿ, ಆಲಮಟ್ಟಿ. ಹೋಗುವುದೇನೋ ಸುಲಭ. ನಾನು ಸಂಜೆಯಿಂದ ಹಿಂದಕ್ಕೆ ಎಣಿಸಿದೆ. ಆಣೆಕಟ್ಟಿನ ಉದ್ಯಾನ ನೋಡಬಹುದು, ಆದರೆ ಹಾಡಿಗೆ ಕುಣಿಯುವ ಕಾರಂಜಿ ಹಚ್ಚುವುದು ಕತ್ತಲಾದ ಮೇಲೆ. ಅಷ್ಟರೊಳಗೆ ನಮ್ಮ ಕಡೆಯ ಬಸ್ಸು ಹೋಗಿಬಿಟ್ಟಿರುತ್ತದೆ.

"ಕಾರಂಜಿ ನೋಡಿದ್ರ ಬಸ್ಸು ಸಿಗೂದಿಲ್ಲ ದೊಡ್ಡವ್ವ."

ಅವಳು ಚುರುಮುರಿಯ ಪೊಟ್ಟಣ ಬಿಚ್ಚಿ ಚಿಗವ್ವನಿಗೂ ನನಗೂ ಹಂಚಿದಳು.

"ಹಂಗಾರ ಅಲ್ಲೇ ವಸ್ತಿ ಮಾಡೂಣು. ಮುಂಜಾನಿ ಬಸ್ಸು ಯಾವಾಗ ಐತಿ, ಬರಕೊ."